ಬ್ಯಾಬಿಲೋನಿನ ಗಣಿತ ಮತ್ತು ಖಗೋಳ: ಓದಿದ್ದೆಷ್ಟು, ಓದಬೇಕಾದ್ದೆಷ್ಟು

2017ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಗಣಿತಜ್ಞರು ಪ್ರಾಚೀನ ಬ್ಯಾಬಿಲೋನಿಯಾದ (ಇಂದಿನ ಇರಾಕ್) ‘ಪ್ಲಿಂಪ್ಟನ್ 322’ ಎಂಬ ಮಣ್ಣಿನ ಹಲಗೆಯನ್ನು ಜಗತ್ತಿನ ಅತಿ ಹಳೆಯ ತ್ರಿಕೋನಮಿತಿ ಕೋಷ್ಟಕ ಎಂದು ಸಾರಿದ್ದೇ ತಡ, ಸುದ್ದಿ ನಮ್ಮ ಮೊಬೈಲುಗಳವರೆಗೂ ಬಂತು. ಎಲ್ಲ ವಿದ್ಯೆಯೂ ಬ್ಯಾಬಿಲೋನಿನಿಂದ ಹೊರಟದ್ದು ಎಂದು ಒಂದು ಗುಂಪು ಹೇಳಿದರೆ, ಅವರೂ ನಮ್ಮಿಂದಲೇ ಕಲಿತದ್ದು ಎಂದು ಇನ್ನೊಂದು ಗುಂಪು ಹೇಳಿತು. ಆ ಹಲಗೆಯಲ್ಲಿ ಬರೆದಿರುವುದೇನು ಎಂದು ಕೇಳುವ ಗೋಜಿಗೆ ಎರಡೂ ಗುಂಪಿನವರು ಹೋಗಲಿಲ್ಲ. ಈ ಲೇಖನ ಆ ಪ್ರಶ್ನೆ ಕೇಳಿದವರ ಬಗ್ಗೆ.

ಶುರುವಿನ ಕಥೆ ಎಲ್ಲರಿಗೂ ಗೊತ್ತಿರುವಂಥದು. ಮುಂಬೈ ಸರ್ಕಾರದ ಕೈಕೆಳಗೆ ಬಾಗ್ದಾದಿನಲ್ಲಿ ರೆಸಿಡೆಂಟ್ ಆಗಿದ್ದ ಕ್ಲಾಡಿಯಸ್ ರಿಚ್ ಕೂಡಿಹಾಕಿದ ವಸ್ತುಗಳು 1825ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಸೇನೆಯ ರಾಲಿನ್ಸನ್ ಇರಾನಿನ ಬೆಹಿಸ್ತೂನಿನ ಬಂಡೆ ಹತ್ತಿ ಶಾಸನ ನಕಲು ಮಾಡಿದ. 1857ರಲ್ಲಿ ನಾಲ್ವರು ವಿದ್ವಾಂಸರು ಒಂದೇ ಶಾಸನವನ್ನು ಬೇರೆಬೇರೆಯಾಗಿ ಓದಿ ಹೆಚ್ಚುಕಡಿಮೆ ಒಂದೇ ಅರ್ಥ ಹೇಳಿದಾಗ, ಕ್ಯೂನಿಫಾರ್ಮ್ ಎಂಬ ಬೆಣೆಲಿಪಿ ಓದಲು ಬರುತ್ತದೆ ಎಂದು ಜಗತ್ತು ಒಪ್ಪಿತು. 1872ರಲ್ಲಿ ಜಾರ್ಜ್ ಸ್ಮಿತ್ ಮಣ್ಣಿನ ಹಲಗೆಯೊಂದರಲ್ಲಿ ಪ್ರಳಯದ ಕಥೆ ಓದಿದ. 1902ರಲ್ಲಿ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನು ಶಾಸನ ಪ್ರಕಟವಾಯಿತು. ಜನ ನೆನಪಿಟ್ಟದ್ದು ಇವನ್ನು. ಪುರಾತತ್ತ್ವಜ್ಞ ಕೋಲ್ಡ್‌ವೈ ಬ್ಯಾಬಿಲೋನಿನಲ್ಲಿ ಅಗೆದು ತೆಗೆದ, ಬರ್ಲಿನ್ನಿನಲ್ಲಿ ಮತ್ತೆ ಎದ್ದು ನಿಂತ ಇಷ್ಟಾರ್ ದ್ವಾರವನ್ನು. ದೊಡ್ಡ ಆಸ್ತಿ ಮಾತ್ರ ಅಂಗೈಯಗಲದ ಚೂರುಗಳಲ್ಲಿತ್ತು.

ಅದನ್ನು ಮೊದಲು ಕಂಡವರು ಜೆಸ್ಯೂಟ್ ಪಾದ್ರಿಗಳು. ಸ್ಟ್ರಾಸ್‌ಮಯರ್ ಲಂಡನ್ನಿನಲ್ಲಿ ಕುಳಿತು, ಅಂಕಿಗಳೇ ತುಂಬಿದ್ದ, ಯಾರಿಗೂ ಬೇಡವಾಗಿದ್ದ ಹಲಗೆಗಳನ್ನು ನಕಲು ಮಾಡಿದರು. ಗಣಿತ ಬಲ್ಲ ಎಪಿಂಗ್ ಅವುಗಳಲ್ಲಿ ಚಂದ್ರ ಮತ್ತು ಗ್ರಹಗಳ ಲೆಕ್ಕ ಕಂಡರು. ಇಬ್ಬರ ಮೊದಲ ಲೇಖನ 1881ರದು. ಅವರ ನಂತರ ಬಂದ ಕುಗ್ಲರ್ 1900ರಲ್ಲಿ, ಗ್ರೀಕ್ ಖಗೋಳಜ್ಞ ಹಿಪಾರ್ಕಸ್‌ನದೆಂದು ಲೋಕ ಕೊಂಡಾಡುತ್ತಿದ್ದ ಚಾಂದ್ರಮಾಸದ ಮಾನ ಬ್ಯಾಬಿಲೋನಿನವರ ಕೋಷ್ಟಕದಲ್ಲಿದೆ ಎಂದು ತೋರಿಸಿದರು: 29 ದಿನ, 12 ಗಂಟೆ, 44 ನಿಮಿಷ, ಮೂರು ಚಿಲ್ಲರೆ ಸೆಕೆಂಡು. ಅದೇ ಹೊತ್ತಿಗೆ ಜರ್ಮನಿಯಲ್ಲಿ ‘ಎಲ್ಲವೂ ಬ್ಯಾಬಿಲೋನ್’ ಎಂಬ ಪಂಥ ಮೆರೆಯುತ್ತಿತ್ತು. ಜಗತ್ತಿನ ಪುರಾಣಗಳೆಲ್ಲ ಅಲ್ಲಿನ ನಕ್ಷತ್ರಗಳಿಂದ ಉದುರಿದವು ಎಂಬ ಆ ವಾದವನ್ನು ಕೆಡವಿದವರೂ ಕುಗ್ಲರ್ ಅವರೇ. ಬ್ಯಾಬಿಲೋನಿನ ಆಕಾಶವನ್ನು ಚೆನ್ನಾಗಿ ಬಲ್ಲವರೇ ಅದರ ಅತಿಸ್ತುತಿಗೆ ಅಡ್ಡ ನಿಂತರು. ಇದು ಆಮೇಲೂ ನಡೆದಿದೆ.

ಈ ಕ್ಷೇತ್ರವನ್ನು ಶಾಸ್ತ್ರವಾಗಿ ನಿಲ್ಲಿಸಿದವರು ಓಟೊ ನಾಯ್ಗೆಬೌವರ್. ಗಟ್ಟಿಂಗೆನ್‌ನಲ್ಲಿದ್ದ ಅವರು ನಾಜಿಗಳಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಕೋಪನ್‌ಹೇಗನ್‌ಗೆ, ಅಲ್ಲಿಂದ 1939ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯಕ್ಕೆ ಹೋದರು. 1930ರ ದಶಕದಲ್ಲಿ ಗಣಿತದ ಹಲಗೆಗಳನ್ನೂ 1955ರಲ್ಲಿ ಸುಮಾರು 300 ಖಗೋಳ ಹಲಗೆಗಳನ್ನೂ ಸಂಪಾದಿಸಿದರು. ಆ ಸಂಪುಟಗಳನ್ನು ತೆರೆದರೆ ಮೈ ನವಿರೇಳುವಂಥದೇನೂ ಇಲ್ಲ. ಅಂಕಣದ ಪಕ್ಕ ಅಂಕಣ, ಅರವತ್ತರ ಪದ್ಧತಿಯ ಅಂಕಿಗಳು, ಅಷ್ಟೆ. ಆದರೆ ಯಾವ ಅಂಕಣದಿಂದ ಯಾವುದು ಹುಟ್ಟಿತು ಎಂದು ತಿಳಿದ ಮೇಲೆ, ಭೂಮಿ ತಿರುಗುತ್ತದೆಯೋ ಆಕಾಶ ತಿರುಗುತ್ತದೆಯೋ ಎಂಬ ಚಿತ್ರವಿಲ್ಲದೆ, ಬರೀ ಏರಿಳಿವ ಸಂಖ್ಯಾಶ್ರೇಣಿಗಳಿಂದ ಅಮಾವಾಸ್ಯೆ–ಹುಣ್ಣಿಮೆಗಳನ್ನು ಮುಂಚಿತವಾಗಿ ಹೇಳಿದ ಬುದ್ಧಿ ಕಾಣುತ್ತದೆ. ಗ್ರಹಗಣಿತದಲ್ಲಿ ಅವರು ಚಾಂದ್ರಮಾಸದ 30ನೇ ಒಂದು ಭಾಗವನ್ನು ಕಾಲದ ಮಾನವಾಗಿ ಬಳಸುತ್ತಿದ್ದರು. ಅದಕ್ಕೆ ಯುರೋಪಿನ ಭಾಷೆಗಳಲ್ಲಿ ಹೆಸರಿಲ್ಲದ್ದರಿಂದ ನಾಯ್ಗೆಬೌವರ್ ನಮ್ಮ ಪಂಚಾಂಗದ ‘ತಿಥಿ’ಯನ್ನೇ ಎತ್ತಿಕೊಂಡರು; ಇಂದಿಗೂ ಕ್ಷೇತ್ರದಲ್ಲಿ ಅದೇ ಹೆಸರು ನಡೆಯುತ್ತದೆ.

ಅವರ ಸಹೋದ್ಯೋಗಿ ಅಬ್ರಹಾಂ ಸ್ಯಾಕ್ಸ್ ನನ್ನ ಪಾಲಿಗೆ ಇನ್ನೂ ಹತ್ತಿರದವರು. 19ನೇ ಶತಮಾನದ ಕೊನೆಯಲ್ಲಿ ಪಿಂಚಸ್ ಎಂಬ ವಿದ್ವಾಂಸ ಮಾಡಿಟ್ಟಿದ್ದ ಖಗೋಳ ಹಲಗೆಗಳ ನಕಲುಗಳು ಬ್ರಿಟಿಷ್ ಮ್ಯೂಸಿಯಂನಲ್ಲಿ ಅರ್ಧ ಶತಮಾನ ಬಿದ್ದಿದ್ದವು. ಸ್ಯಾಕ್ಸ್ ಅವನ್ನು 1955ರಲ್ಲಿ ಹೊರತಂದರು. ಅವುಗಳಲ್ಲಿದ್ದ, ದಿನದಿನವೂ ಆಕಾಶ ನೋಡಿ ಬರೆದಿಟ್ಟ ದಿನಚರಿ ಹಲಗೆಗಳ ಸಂಪಾದನೆಯನ್ನು, ಅವರು ತೀರಿಕೊಂಡ ಮೇಲೆ, ಹರ್ಮನ್ ಹುಂಗರ್ 1988ರಿಂದ ಪ್ರಕಟಿಸಿದರು. ನನ್ನ ತಲೆಮಾರಿನವರಿಗೆ ಇದಕ್ಕಿಂತ ದೊಡ್ಡ ಪುಸ್ತಕ ಬಂದಿಲ್ಲ. ಉಳಿದುಬಂದವುಗಳಲ್ಲಿ ಅತಿ ಹಳೆಯ ದಿನಚರಿ ಕ್ರಿ.ಪೂ. 652ರದು, ಕೊನೆಯದು ಕ್ರಿ.ಪೂ. 61ರದು. ರಾಜರು ಬದಲಾದರು, ಪರ್ಷಿಯನ್ನರು ಬಂದರು, ಗ್ರೀಕರು ಬಂದರು, ಪಾರ್ಥಿಯನ್ನರು ಬಂದರು. ಬರೆಯುವವರು ಬರೆಯುತ್ತಲೇ ಇದ್ದರು. ಚಂದ್ರ ಯಾವ ನಕ್ಷತ್ರದ ಬಳಿ ಇದ್ದ, ಮೋಡ ಕವಿಯಿತೇ, ಯೂಫ್ರೆಟಿಸ್ ಎಷ್ಟು ಏರಿತು, ಒಂದು ಶೆಕೆಲ್ ತೂಕದ ಬೆಳ್ಳಿಗೆ ಬಾರ್ಲಿ, ಖರ್ಜೂರ, ಎಳ್ಳು, ಉಣ್ಣೆ ಎಷ್ಟೆಷ್ಟು ಸಿಕ್ಕಿತು. ಕ್ರಿ.ಪೂ. 323ರ ಜೂನಿನ ಒಂದು ದಿನದ ಎದುರು, ರಾಜ ಸತ್ತ ಎಂಬ ವರದಿಯ ಜೊತೆಗೆ ಮೋಡದ ವರದಿಯೂ ಇದೆ. ಆ ರಾಜ ಅಲೆಕ್ಸಾಂಡರ್. ಕ್ರಿ.ಪೂ. 164ರ ಹ್ಯಾಲಿ ಧೂಮಕೇತು ಇಲ್ಲಿ ಸಿಕ್ಕಿದೆ. ಇಲ್ಲಿನ ಗ್ರಹಣಗಳ ಹೊತ್ತನ್ನು ಹಿಡಿದು ಖಗೋಳಜ್ಞ ಸ್ಟೀಫನ್‌ಸನ್ ಭೂಮಿಯ ತಿರುಗುವಿಕೆ ಎಷ್ಟು ನಿಧಾನವಾಗುತ್ತಿದೆ ಎಂದು ಅಳೆದರು. ಬ್ಯಾಬಿಲೋನಿನ ತೂಗುತೋಟದ ಚಿತ್ರ ಬರೆಯುವವರು ಒಮ್ಮೆ ಈ ಬೆಲೆಪಟ್ಟಿಗಳನ್ನು ಓದಲಿ.

ಗಣಿತದ ಕಡೆ ಬದಲಾವಣೆ ಬೇರೆ ಬಗೆಯದು. ಒಂದು ಹಳೆಯ ಹಲಗೆಯ ಲೆಕ್ಕ ಹೀಗಿದೆ: ಚೌಕದ ಕ್ಷೇತ್ರಫಲಕ್ಕೆ ಅದರ ಬಾಹುವನ್ನು ಕೂಡಿಸಿದರೆ ಮುಕ್ಕಾಲು, ಬಾಹು ಎಷ್ಟು? ಹಿಂದಿನವರು ಇದನ್ನು ನಮ್ಮ ವರ್ಗಸಮೀಕರಣವೆಂದೇ ಓದಿದರು. 1980ರ ದಶಕದಲ್ಲಿ ಗಣಿತ ಇತಿಹಾಸಕಾರ ಯೆನ್ಸ್ ಹೋಯ್ರಪ್ ಕ್ರಿಯಾಪದಗಳನ್ನು ಒಂದೊಂದಾಗಿ ತೂಗಿ ನೋಡಿ, ಇದು ಬೀಜಗಣಿತವಲ್ಲ, ಕತ್ತರಿಸಿ ಜೋಡಿಸುವ ರೇಖಾಗಣಿತ ಎಂದರು. ಬಾಹುವಿಗೆ ಒಂದು ಅಗಲ ಕೊಟ್ಟು ಆಯತ ಮಾಡು, ಅದನ್ನು ಅರ್ಧಕ್ಕೆ ಮುರಿ, ಅರ್ಧವನ್ನು ಚೌಕದ ಇನ್ನೊಂದು ಮಗ್ಗುಲಿಗೆ ಸೇರಿಸು, ಮೂಲೆಯಲ್ಲಿ ಉಳಿದ ಕಾಲು ತುಂಬು: ದೊಡ್ಡ ಚೌಕ ಒಂದು, ಅದರ ಬಾಹು ಒಂದು, ಸೇರಿಸಿದ ಅರ್ಧ ಕಳೆದರೆ ಅರ್ಧ. ಹೈಸ್ಕೂಲು ಮಕ್ಕಳಿಗೆ ಕಾಗದ ಕತ್ತರಿಸಿ ತೋರಿಸಿದರೆ ತಕ್ಷಣ ಹಿಡಿಯುತ್ತಾರೆ. ಇನ್ನೊಬ್ಬ ಇತಿಹಾಸಕಾರ್ತಿ ಎಲಿನರ್ ರಾಬ್ಸನ್ ಇನ್ನೂ ಮುಂದೆ ಹೋಗಿ, ಈ ಹಲಗೆಗಳನ್ನು ಬರೆದ ಶಾಲೆ ಯಾವುದು, ಬರೆಸಿದ ಮೇಷ್ಟ್ರು ಯಾರು ಎಂದು ಕೇಳಿದರು. ಪ್ಲಿಂಪ್ಟನ್ ಹಲಗೆಯ ಹದಿನೈದು ಸಾಲುಗಳು ಲೆಕ್ಕ ಕೊಡುವುದಕ್ಕೆ ಮೇಷ್ಟ್ರು ಮಾಡಿಕೊಂಡ ಪಟ್ಟಿ ಎಂದು ಅವರು ಹೇಳಿದ್ದು 2001ರಲ್ಲೇ. ಕೋನದ ಅಳತೆ ಎಂಬ ಕಲ್ಪನೆಯೇ ಅಲ್ಲಿಲ್ಲ. ಕೋನವಿಲ್ಲದೆ ತ್ರಿಕೋನಮಿತಿ ಎಲ್ಲಿಂದ ಬರಬೇಕು? 2016ರಲ್ಲಿ ಖಗೋಳ ಇತಿಹಾಸಕಾರ ಒಸೆಂಡ್ರೈವರ್, ಗುರುಗ್ರಹ ಸಾಗಿದ ದೂರವನ್ನು ವೇಗ–ಕಾಲದ ಚಿತ್ರದಡಿಯ ತ್ರಾಪಿಜ್ಯದ ಕ್ಷೇತ್ರಫಲವಾಗಿ ಲೆಕ್ಕ ಹಾಕಿದ ಹಲಗೆಗಳನ್ನು ತೋರಿಸಿದ್ದು 2017ರ ಆ ಸುದ್ದಿಗಿಂತ ಎಷ್ಟೋ ದೊಡ್ಡ ಸುದ್ದಿ.

ಇನ್ನು ನಮ್ಮ ಕಡೆಗೆ. ಮೇಷಾದಿ ಹನ್ನೆರಡು ರಾಶಿಗಳ ವಿಭಾಗ ಬ್ಯಾಬಿಲೋನಿನಿಂದ ಹೊರಟು ಗ್ರೀಕರ ಮೂಲಕ ಬಂತು ಎಂಬುದರಲ್ಲಿ ಬಲ್ಲವರಿಗೆ ಅನುಮಾನವಿಲ್ಲ. ವಾರಗಳ ಕ್ರಮವನ್ನೂ ಬ್ಯಾಬಿಲೋನಿಗೆ ಕಟ್ಟುವವರಿದ್ದಾರೆ. ಅದಕ್ಕೆ ಬೆಣೆಲಿಪಿಯ ಆಧಾರವಿಲ್ಲ, ಅದು ಗ್ರೀಕರ ಕಾಲದ್ದು. ಕಷ್ಟದ ಪ್ರಶ್ನೆ ನಮ್ಮ ಹಳೆಯ ಖಗೋಳ ಗ್ರಂಥ ವೇದಾಂಗ ಜ್ಯೋತಿಷದ್ದು. ಅದರ ಪ್ರಕಾರ ಅತಿ ಉದ್ದದ ಹಗಲು 18 ಮುಹೂರ್ತ, ಅತಿ ಗಿಡ್ಡದ್ದು 12. ಅಂದರೆ ವ್ಯತ್ಯಾಸ ಸುಮಾರು ನಾಲ್ಕೂಮುಕ್ಕಾಲು ಗಂಟೆ. ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ. ಬ್ಯಾಬಿಲೋನಿನಲ್ಲೂ ಇದೇ 3:2ರ ಮಾನ ಇದ್ದುದರಿಂದ ಅಮೆರಿಕದ ವಿದ್ವಾಂಸ ಡೇವಿಡ್ ಪಿಂಗ್ರಿ 1973ರಲ್ಲಿ ಇದು ಅಲ್ಲಿಂದ ಬಂದದ್ದು ಎಂದರು; ಉತ್ತರ ಭಾರತದ ವೀಕ್ಷಣೆಯಿಂದಲೇ ಇದನ್ನು ವಿವರಿಸಬಹುದು ಎಂದು 1990ರ ದಶಕದಲ್ಲಿ ಜಪಾನಿನ ಯುಕಿಯೊ ಓಹಾಶಿ ವಾದಿಸಿದರು. ಪಿಂಗ್ರಿಯವರ ಪಾಂಡಿತ್ಯ ದೊಡ್ಡದು, ಈ ಒಂದು ವಿಷಯದಲ್ಲಿ ಆತುರವೂ ದೊಡ್ಡದು.

ನನಗೆ ಹೆಚ್ಚು ಗಟ್ಟಿಯಾಗಿ ಕಾಣುವ ಕೊಂಡಿ 248 ದಿನಗಳದು. ಚಂದ್ರನ ವೇಗ 248 ದಿನಗಳಲ್ಲಿ ಒಂಬತ್ತು ಬಾರಿ ಏರಿಳಿಯುತ್ತದೆ ಎಂಬ ಲೆಕ್ಕ ಬ್ಯಾಬಿಲೋನಿನ ಹಲಗೆಗಳಲ್ಲಿದೆ, ವರಾಹಮಿಹಿರನ ಪಂಚಸಿದ್ಧಾಂತಿಕೆಯ ವಾಸಿಷ್ಠ ಭಾಗದಲ್ಲಿದೆ, ದಕ್ಷಿಣದ ವಾಕ್ಯ ಪಂಚಾಂಗದ 248 ಚಂದ್ರವಾಕ್ಯಗಳಲ್ಲಿದೆ. 1825ರಲ್ಲಿ ಪುದುಚೇರಿಯ ಒಬ್ಬ ಪಂಚಾಂಗದವರು ನೆಲದ ಮೇಲೆ ಕವಡೆ ಜೋಡಿಸಿ, ಬಾಯಿಪಾಠದ ವಾಕ್ಯಗಳಿಂದ, ಒಂದು ಗೀಟೂ ಬರೆಯದೆ ಚಂದ್ರಗ್ರಹಣದ ಹೊತ್ತು ಹೇಳಿದ್ದನ್ನು ಜಾನ್ ವಾರನ್ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಗ್ರಹಣದ ಆರಂಭ ನಾಲ್ಕೇ ನಿಮಿಷ ತಪ್ಪಿತ್ತು. ಆ ಪುಸ್ತಕ ಓದಿದ ನಾಯ್ಗೆಬೌವರ್ 1952ರಲ್ಲಿ ತಮಿಳು ಖಗೋಳದ ಮೇಲೆ ಲೇಖನ ಬರೆದರು. ಬ್ಯಾಬಿಲೋನಿನ ವಿಧಾನ ಅದರ ಊರಿನಲ್ಲಿ ಸತ್ತು ಹದಿನೇಳು ಶತಮಾನಗಳಾದ ಮೇಲೂ ನಮ್ಮ ಕಡಲತೀರದಲ್ಲಿ ಜೀವಂತವಾಗಿತ್ತು.

ಈ ಸಮೀಕ್ಷೆಯಲ್ಲಿ ಇದುವರೆಗೆ ಬಂದ ವಿದ್ವಾಂಸರ ಹೆಸರುಗಳನ್ನು ಮತ್ತೊಮ್ಮೆ ನೋಡಿ: ಇರಾಕಿನವರು ಒಬ್ಬರೂ ಇಲ್ಲ. ಮೊದಲ ಕೊರತೆ ಇದು. ಈ ವಿಷಯದ ಸಮೀಕ್ಷೆಗಳು ಹೆಚ್ಚಾಗಿ ಹೀಗೇ ಇರುತ್ತವೆ. 1945ರಿಂದ ಬಾಗ್ದಾದಿನ ಅಂಚಿನ ತೆಲ್ ಹರ್ಮಲ್ ಅಗೆದು, ಸಮರೂಪ ತ್ರಿಭುಜಗಳ ಹಲಗೆಯನ್ನು 1950ರಲ್ಲಿ ಪ್ರಕಟಿಸಿದವರು ಇರಾಕಿನವರೇ ಆದ ತಾಹಾ ಬಾಖಿರ್. ಗಿಲ್ಗಮೆಶ್ ಕಾವ್ಯವನ್ನು ಅರಬ್ಬಿಗೆ ತಂದವರೂ ಅವರೇ. ಅವರು ಕಟ್ಟಿದ ಪರಂಪರೆ ಯುದ್ಧ ಮತ್ತು ದಿಗ್ಬಂಧನದಲ್ಲಿ ಸೊರಗಿತು. 2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಮ್ಯೂಸಿಯಂ ಲೂಟಿಯಾಯಿತು, ಬ್ಯಾಬಿಲೋನಿನ ಅವಶೇಷಗಳ ಮೇಲೆ ಸೇನಾ ಶಿಬಿರ ಕುಳಿತಿತು. ಯುನೆಸ್ಕೊ ಪಟ್ಟಿಗೆ ಆ ಊರು ಸೇರಿದ್ದು 2019ರಲ್ಲಿ.

ಎರಡನೆಯ ಕೊರತೆ ನಮ್ಮದು. ಆ 248ರ ಲೆಕ್ಕ ಯಾವ ದಾರಿಯಲ್ಲಿ, ಯಾರ ಕೈಯಿಂದ ಬಂತು ಎಂದು ಹೇಳಬೇಕಾದರೆ ಸಿದ್ಧಾಂತ ಗ್ರಂಥಗಳನ್ನೂ ಬೆಣೆಲಿಪಿಯನ್ನೂ ಒಬ್ಬರೇ ಓದಬಲ್ಲವರಾಗಿರಬೇಕು. ದಿನಚರಿಗಳ ಪಠ್ಯ, ಅನುವಾದ ಈಗ ಅಂತರ್ಜಾಲದಲ್ಲಿ ಕಾಸಿಲ್ಲದೆ ಸಿಗುತ್ತವೆ. 1921ರಲ್ಲಿ ಶುರುವಾದ ಷಿಕಾಗೊ ನಿಘಂಟು, ಬ್ಯಾಬಿಲೋನಿನವರ ಭಾಷೆಯಾದ ಅಕ್ಕಾಡಿಯನ್‌ನದು, ಮುಗಿದಿದೆ, ಅದೂ ಉಚಿತ. ಸಂಸ್ಕೃತ ಗಣಿತ ಬಲ್ಲ ಇಬ್ಬರು ಎಳೆಯರನ್ನು ಆರಿಸಿ, ಅಕ್ಕಾಡಿಯನ್ ಕಲಿಯಲು ಎರಡು ವರ್ಷದ ವೇತನ ಕೊಡುವುದು ನಮ್ಮ ಯಾವ ವಿಶ್ವವಿದ್ಯಾಲಯಕ್ಕೂ ಭಾರವಾಗಲಾರದು. ಒಂದಾದರೂ ಮುಂದೆ ಬರಲಿ.