ಚಿಕ್ಕೋಡಿ ಭಾಗದಲ್ಲಿ ಹಬ್ಬದ ಸಂಜೆಯ ರಸ್ತೆ ಸುರಕ್ಷತೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಹಬ್ಬದ ದಿನಗಳ ರಸ್ತೆ ಸುರಕ್ಷತೆಯು ಕಬ್ಬಿನ ಹಂಗಾಮಿನೊಂದಿಗೆ ಹೆಣೆದುಕೊಂಡಿದೆ. ಕೃಷ್ಣಾ ಮತ್ತು ಅದರ ಉಪನದಿಗಳ ನೀರಿನಿಂದ ಈ ಭಾಗವು ರಾಜ್ಯದ ಪ್ರಮುಖ ಕಬ್ಬು ಬೆಳೆಯುವ ಪ್ರದೇಶಗಳಲ್ಲಿ ಒಂದಾಗಿದೆ. ಸಕ್ಕರೆ ಕಾರ್ಖಾನೆಗಳು ಸಾಮಾನ್ಯವಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಕಬ್ಬು ನುರಿಸಲು ಆರಂಭಿಸುತ್ತವೆ. ದೀಪಾವಳಿಯೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಬರುವುದರಿಂದ, ಮಕ್ಕಳು ಮನೆಯಿಂದ ಹೊರಗಿರುವ ದಿನಗಳಲ್ಲಿಯೇ ರಸ್ತೆಗಳು ಕಬ್ಬಿನ ವಾಹನಗಳಿಂದ ತುಂಬಿರುತ್ತವೆ.

ಅಪಾಯದ ಸ್ವರೂಪ

ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜೋಡಿಸಿ ಕಬ್ಬು ಸಾಗಿಸುವುದು ಇಲ್ಲಿ ಸಾಮಾನ್ಯ. ಅಂಚು ಮೀರಿ ಹೇರಿದ ಕಬ್ಬು ಹಿಂಬದಿಯ ದೀಪ ಹಾಗೂ ಪ್ರತಿಫಲಕಗಳನ್ನು ಮರೆಮಾಡುತ್ತದೆ. ಅನೇಕ ಟ್ರೇಲರ್‌ಗಳಲ್ಲಿ ಅವು ಇರುವುದೇ ಇಲ್ಲ. ನವೆಂಬರ್ ಮೊದಲ ವಾರದಲ್ಲಿ ಇಲ್ಲಿ ಸುಮಾರು 6 ಗಂಟೆಗೆ ಸೂರ್ಯಾಸ್ತವಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದರೆ, ನಿಂತ ಟ್ರೇಲರ್ ಕಂಡ ಮೇಲೆ ಬ್ರೇಕ್ ಹಾಕಲು ಸವಾರನಿಗೆ ಸಮಯ ಉಳಿಯುವುದಿಲ್ಲ.

ಚಲಿಸುವ ಟ್ರೇಲರ್‌ನ ಹಿಂದೆ ಓಡಿ ಕಬ್ಬಿನ ಜಲ್ಲೆ ಎಳೆಯುವುದು ಹಳ್ಳಿಯ ಮಕ್ಕಳ ಹಳೆಯ ಆಟ. ಹಿರಿಯರೂ ಇದನ್ನು ನಗುತ್ತಲೇ ನೋಡುವುದುಂಟು. ಆದರೆ ಜಲ್ಲೆ ಸುಲಭವಾಗಿ ಬಿಡದಿದ್ದರೆ ಮಗು ಎರಡನೆಯ ಟ್ರೇಲರ್‌ನ ಗಾಲಿಯತ್ತ ಜಾರಬಹುದು. ಟ್ರ್ಯಾಕ್ಟರ್‌ನಲ್ಲಿ ಧ್ವನಿವರ್ಧಕ ಹಾಕಿದ್ದರೆ ಕೂಗು ಚಾಲಕನಿಗೆ ಕೇಳಿಸದು. ಎರಡು ಟ್ರೇಲರ್‌ಗಳ ನಡುವೆ ನುಸುಳಿ ರಸ್ತೆ ದಾಟುವುದು ಇನ್ನೂ ಅಪಾಯಕಾರಿ. ಕಬ್ಬು ಕಡಿಯಲು ವಲಸೆ ಬರುವ ಕುಟುಂಬಗಳ ಗುಡಿಸಲುಗಳು ಕೆಲವೆಡೆ ರಸ್ತೆಗೆ ಹೊಂದಿಕೊಂಡಿರುತ್ತವೆ. ಅಲ್ಲಿನ ಮಕ್ಕಳಿಗೆ ಆಡಲು ರಸ್ತೆಯಂಚೇ ಅಂಗಳವಾಗಿರುತ್ತದೆ. ಅವರ ಸುರಕ್ಷತೆ ಚರ್ಚೆಗೆ ಬರುವುದು ವಿರಳ.

ನಿಪ್ಪಾಣಿಯ ಸ್ಥಿತಿ ಸ್ವಲ್ಪ ಭಿನ್ನ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಇಲ್ಲಿ ಹಾದುಹೋಗುವುದರಿಂದ, ಹಬ್ಬಕ್ಕೆ ಊರಿಗೆ ಮರಳುವವರ ವೇಗದ ಕಾರುಗಳು ಮತ್ತು ನಿಧಾನಗತಿಯ ಕಬ್ಬಿನ ವಾಹನಗಳು ಸಮೀಪದಲ್ಲಿಯೇ ಸಂಚರಿಸುತ್ತವೆ.

ಕಾನೂನು ಮತ್ತು ಮುನ್ನೆಚ್ಚರಿಕೆ

ಮೋಟಾರು ವಾಹನ ಕಾಯ್ದೆ, 1988ಕ್ಕೆ 2019ರಲ್ಲಿ ತಂದ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಹಬ್ಬದ ಸಂಜೆ ಪಟಾಕಿ ತರಲು ಹುಡುಗನ ಕೈಗೆ ಬೈಕಿನ ಕೀಲಿ ಕೊಡುವ ಮನೆಯವರಿಗೂ ಇದು ಅನ್ವಯಿಸುತ್ತದೆ. ದ್ವಿಚಕ್ರ ವಾಹನದಲ್ಲಿ 4 ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡಾಗ ಸುರಕ್ಷತಾ ಪಟ್ಟಿ ಮತ್ತು ಮಗುವಿನ ತಲೆಗೆ ಹೊಂದುವ ಹೆಲ್ಮೆಟ್ ಬಳಸಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

ಟ್ರೇಲರ್‌ನ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವುದು ಅತ್ಯಂತ ಅಗ್ಗದ ಉಪಾಯ. ಕಬ್ಬು ಹೇರಿದ ನಂತರವೂ ಅದು ಕಾಣುವಂತಿರಬೇಕು. ಕೆಟ್ಟು ನಿಂತ ಟ್ರೇಲರ್‌ನ ಹಿಂದೆ ಕಲ್ಲುಗಳನ್ನಿಟ್ಟು, ದುರಸ್ತಿಯಾದ ಮೇಲೆ ಅವನ್ನು ರಸ್ತೆಯಲ್ಲಿಯೇ ಬಿಟ್ಟುಹೋಗುವ ರೂಢಿ ಮತ್ತೊಂದು ಅಪಘಾತಕ್ಕೆ ಎಡೆಮಾಡಿಕೊಡುತ್ತದೆ. ಕತ್ತಲಾದ ಮೇಲೆ ಮಕ್ಕಳಿಗೆ ತಿಳಿಬಣ್ಣದ ಬಟ್ಟೆ ತೊಡಿಸುವುದು ಮತ್ತು ಪಟಾಕಿಯನ್ನು ರಸ್ತೆಯ ಬದಲು ಬಯಲಿನಲ್ಲಿ ಹಚ್ಚಿಸುವುದು ಸೂಕ್ತ.

ಅಪಘಾತವಾದಾಗ 108 ಆಂಬುಲೆನ್ಸ್ ಅಥವಾ 112ಕ್ಕೆ ಕರೆ ಮಾಡಬಹುದು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಕಾಯ್ದೆಯ 134ಎ ಕಲಂ ರಕ್ಷಣೆ ನೀಡುತ್ತದೆ. ಅವರು ತಮ್ಮ ಹೆಸರು, ವಿಳಾಸ ತಿಳಿಸುವುದು ಕಡ್ಡಾಯವಲ್ಲ.