ಹಿರೋಶಿಮಾದ ರೋಟರಿ: ಮಜ್ದಾ ಕಂಪನಿಯ ಚರಿತ್ರೆಯಲ್ಲಿ ಗಾಡಿ ಮಾಲೀಕರ ಪಾಲು

ಮಜ್ದಾ ಕಂಪನಿಯ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು 1967ರ ಮೇ 30ನ್ನು ಗಡಿಗಲ್ಲಾಗಿ ನೆಡುತ್ತಾರೆ. ಎರಡು ರೋಟರ್‌ಗಳ ಇಂಜಿನ್ ಹೊತ್ತು ಮಾರಾಟಕ್ಕೆ ಬಂದ ಜಗತ್ತಿನ ಮೊದಲ ಕಾರು, ಕಾಸ್ಮೊ ಸ್ಪೋರ್ಟ್, ಹೊರಬಂದದ್ದು ಅಂದು. ಜರ್ಮನಿಯಲ್ಲಿ ಹುಟ್ಟಿದ ಇಂಜಿನ್ನಿನ ದೊಡ್ಡ ತೊಡಕನ್ನು ಹಿರೋಶಿಮಾದ ಇಂಜಿನಿಯರುಗಳು ಬಿಡಿಸಿದರು, ಮುಂದಿನದೆಲ್ಲ ಗೆಲುವಿನ ಕಥೆ ಎಂಬ ಧಾಟಿಯಲ್ಲಿ ನಿರೂಪಣೆ ಸಾಗುತ್ತದೆ. ಈ ಟಿಪ್ಪಣಿಯ ವಾದ ಬೇರೆ. ಆ ತೊಡಕು 1967ರಲ್ಲಿ ಮುಗಿಯಲಿಲ್ಲ. ಅದರ ಒಂದು ಪಾಲು ಕಾರ್ಖಾನೆಯಲ್ಲಿ ಬಗೆಹರಿಯಿತು, ಉಳಿದ ಪಾಲು ಗಾಡಿ ಕೊಂಡವರ ಮನೆಗೆ ಹೋಯಿತು. ಹಾಗಾಗಿ ಮಾಲೀಕರ ಅನುಭವವನ್ನು ಚರಿತ್ರೆಯ ಅಡಿಟಿಪ್ಪಣಿ ಎಂದು ಬದಿಗಿಡದೆ ಮೂಲ ಆಕರವೆಂದೇ ಓದಬೇಕು.

ಹಿನ್ನೆಲೆ ಚಿಕ್ಕದಾಗಿ. ಕಂಪನಿ ಶುರುವಾದದ್ದು 1920ರ ಜನವರಿ 30ರಂದು, ಟೊಯೊ ಕಾರ್ಕ್ ಕೊಗ್ಯೊ ಎಂಬ ಹೆಸರಿನಲ್ಲಿ. ಮಾಡುತ್ತಿದ್ದದ್ದು ಕಾರ್ಕ್ ಸಾಮಾನು. ಮರುವರ್ಷ ಜುಜಿರೊ ಮಾಟ್ಸುಡಾ ಅಧ್ಯಕ್ಷರಾದರು. 1927ರಲ್ಲಿ ಹೆಸರಿನಿಂದ ಕಾರ್ಕ್ ಹೋಗಿ ಟೊಯೊ ಕೊಗ್ಯೊ ಉಳಿಯಿತು. 1931ರಲ್ಲಿ ಮಜ್ದಾ ಹೆಸರಿನ ಮೂರು ಚಕ್ರದ ಸರಕು ಗಾಡಿ ಬಂತು. ಮೊದಲ ಕಾರು, ಆರ್360 ಕೂಪೆ, ಬರಲು 1960 ಆಗಬೇಕಾಯಿತು. ನಡುವೆ 1945ರ ಆಗಸ್ಟ್ 6. ಫುಚು ಊರಿನ ಕಾರ್ಖಾನೆ ಅಣುಬಾಂಬ್ ಸಿಡಿದ ಜಾಗದಿಂದ ಸುಮಾರು 5 ಕಿ.ಮೀ. ದೂರದಲ್ಲಿತ್ತು. ಹಿಜಿಯಾಮಾ ಗುಡ್ಡ ನಡುವೆ ಅಡ್ಡವಿದ್ದದ್ದರಿಂದ ಕಟ್ಟಡಗಳು ನಿಂತವು. ನಗರ ಸುಟ್ಟು ಬೂದಿಯಾದ ಮೇಲೆ ಹಿರೋಶಿಮಾ ಪ್ರಾಂತ್ಯದ ಆಡಳಿತ ಇದೇ ಆವರಣಕ್ಕೆ ಬಂದು ಮರುವರ್ಷದ ನಡುಭಾಗದವರೆಗೂ ಇಲ್ಲಿಂದಲೇ ನಡೆಯಿತು. 1945ರ ಡಿಸೆಂಬರ್‌ನಲ್ಲೇ ಮೂರು ಚಕ್ರದ ಗಾಡಿಗಳ ತಯಾರಿಕೆ ಮತ್ತೆ ಶುರುವಾಯಿತು. ಊರಿನ ಬದುಕೂ ಕಂಪನಿಯ ಬದುಕೂ ಹೀಗೆ ಒಂದಕ್ಕೊಂದು ಹೆಣೆದುಕೊಂಡವು. ಮುಂದೆ ಕಂಪನಿ ತೆಗೆದುಕೊಂಡ ಹಟದ ತೀರ್ಮಾನಗಳನ್ನು ಈ ಬೆಸುಗೆ ಬಿಟ್ಟು ಅರ್ಥಮಾಡಿಕೊಳ್ಳಲಾಗದು.

ಅಂಥ ತೀರ್ಮಾನಗಳಲ್ಲಿ ದೊಡ್ಡದು 1961ರದು. ಜಪಾನಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ ಕಾರು ಕಂಪನಿಗಳನ್ನು ಕೆಲವೇ ಗುಂಪುಗಳಾಗಿ ಒಗ್ಗೂಡಿಸುವ ಯೋಚನೆಯಲ್ಲಿತ್ತು. ಚಿಕ್ಕ ಕಂಪನಿಗಳು ದೊಡ್ಡವರ ಹೊಟ್ಟೆ ಸೇರುವ ಕಾಲ. ಬೇರೆ ಯಾರ ಬಳಿಯೂ ಇಲ್ಲದ ತಂತ್ರವೊಂದು ಕೈಯಲ್ಲಿದ್ದರೆ ಮಾತ್ರ ಸ್ವತಂತ್ರವಾಗಿ ಉಳಿಯಬಹುದೆಂದು ಅಧ್ಯಕ್ಷ ಟ್ಸುನೇಜಿ ಮಾಟ್ಸುಡಾ ನಂಬಿದರು. ಫೆಲಿಕ್ಸ್ ವಾಂಕೆಲ್ ಕಲ್ಪನೆಯ ರೋಟರಿ ಇಂಜಿನ್ನಿನ ಹಕ್ಕಿಗಾಗಿ ಜರ್ಮನಿಯ ಎನ್‌ಎಸ್‌ಯು ಕಂಪನಿಯೊಂದಿಗೆ ಒಪ್ಪಂದವಾಯಿತು. 1963ರ ಏಪ್ರಿಲ್‌ನಲ್ಲಿ ಕೆನಿಚಿ ಯಾಮಾಮೊಟೊ ಮುಂದಾಳತ್ವದಲ್ಲಿ ರೋಟರಿಗೆಂದೇ ಸಂಶೋಧನಾ ವಿಭಾಗ ತೆರೆಯಿತು. ಅಲ್ಲಿದ್ದ 47 ಮಂದಿಯನ್ನು ಜಪಾನಿನ ಹಳೆಯ ಕಥೆಯ 47 ರೋನಿನ್ ಯೋಧರ ಹೆಸರಿನಿಂದ ಕರೆಯುವುದು ವಾಡಿಕೆಯಾಯಿತು.

ಇಂಜಿನ್ನಿನ ಒಳಗು ಗೊತ್ತಿದ್ದರೆ ಮಾತ್ರ ಮಾಲೀಕರ ಮಾತು ತಿಳಿಯುತ್ತದೆ. ಮೇಲೆ ಕೆಳಗೆ ಓಡುವ ಪಿಸ್ಟನ್ ಇಲ್ಲಿಲ್ಲ, ವಾಲ್ವ್‌ಗಳೂ ಇಲ್ಲ. ಎರಡು ಕಾಳಿನ ಕಡಲೆಕಾಯಿಯ ಹಾಗೆ ನಡುವೆ ಸೊಂಟವಿರುವ ಹೌಸಿಂಗ್‌ನೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತದೆ. ಅದು ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಮೂರು ಮೂಲೆಗಳಲ್ಲೂ ಅಪೆಕ್ಸ್ ಸೀಲ್ ಎಂಬ ಸಣ್ಣ ಪಟ್ಟಿಗಳಿವೆ. ಇವು ಹೌಸಿಂಗ್ ಗೋಡೆಗೆ ಒತ್ತಿಕೊಂಡೇ ಜಾರುತ್ತ ಒಂದು ಕೋಣೆಯ ಅನಿಲ ಇನ್ನೊಂದಕ್ಕೆ ನುಗ್ಗದಂತೆ ತಡೆಯಬೇಕು. ಮೊದಮೊದಲು ಈ ಸೀಲುಗಳು ಅದುರಿ ಗೋಡೆಯ ಮೇಲೆ ಅಲೆಅಲೆಯಾಗಿ ಗೀರು ಹಾಕುತ್ತಿದ್ದವು. ಹಿರೋಶಿಮಾದವರು ಅದಕ್ಕೆ ಪಿಶಾಚಿಯ ಉಗುರಿನ ಗೀರು ಎಂದರು. ಇಂಗಾಲ ಮತ್ತು ಅಲ್ಯುಮಿನಿಯಂ ಕೂಡಿಸಿ ಮಾಡಿದ ಸೀಲಿನಿಂದ ಕಾಸ್ಮೊ ಇಂಜಿನ್ ಆ ಗೀರಿನಿಂದ ಪಾರಾಯಿತು. 982 ಸಿಸಿ, 110 ಅಶ್ವಶಕ್ತಿ. 1968ರಲ್ಲಿ ನ್ಯೂರ್ಬರ್ಗ್‌ರಿಂಗ್‌ನ 84 ಗಂಟೆಗಳ ಓಟಕ್ಕೆ ಇಳಿದ ಎರಡು ಕಾಸ್ಮೊಗಳಲ್ಲಿ ಒಂದು ನಾಲ್ಕನೆಯದಾಗಿ ಮುಗಿಸಿತು.

ಅದೇ 1967ರಲ್ಲಿ ಎನ್‌ಎಸ್‌ಯು ಕೂಡ ತನ್ನ ರೋಟರಿ ಕಾರು ರೋ 80 ಅನ್ನು ಹೊರತಂದಿತು. ಅದು 1968ರ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು. ಆದರೆ ಸೀಲುಗಳು ಬೇಗ ಸವೆದು ವಾರಂಟಿಯಲ್ಲಿ ಇಂಜಿನ್ನುಗಳನ್ನೇ ಬದಲಿಸಿಕೊಡುವ ಹೊರೆ ಕಂಪನಿಯ ಮೇಲೆ ಬಿತ್ತು. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ಗುಂಪಿಗೆ ಸೇರಿಹೋಯಿತು. ತಂತ್ರ ಕೊಟ್ಟವರು ಮುಳುಗಿ ಪಡೆದವರು ತೇಲಿದ್ದನ್ನು ಜಾಣ್ಮೆಯ ವ್ಯತ್ಯಾಸವೆಂದಷ್ಟೇ ಹೇಳಿದರೆ ಸಾಲದು. ಕಾಸ್ಮೊ ಐದಾರು ವರ್ಷಗಳಲ್ಲಿ ತಯಾರಾದದ್ದು ಸಾವಿರದ ಇನ್ನೂರರಷ್ಟು ಕೂಡ ಅಲ್ಲ. ರೋ 80 ಹತ್ತು ವರ್ಷದಲ್ಲಿ 37,000 ಮೀರಿತು. ಬೆರಳೆಣಿಕೆಯ ಗಾಡಿಗಳನ್ನು ಆಸಕ್ತರ ಕೈಗಿಟ್ಟು, ಕಲಿತು, ಆಮೇಲೆ ಸಾಮಾನ್ಯ ಕಾರುಗಳಿಗೆ ಅದೇ ಇಂಜಿನ್ ಹಾಕಿದ ಕ್ರಮವೇ ಮಜ್ದಾವನ್ನು ಕಾಯ್ದಿತು ಎಂದು ನನ್ನ ಅಭಿಪ್ರಾಯ.

1973ರ ತೈಲ ಬಿಕ್ಕಟ್ಟು ಬೇರೆ ದಿಕ್ಕಿನಿಂದ ಹೊಡೆಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಮಜ್ದಾದ ರೋಟರಿ ಕಾರುಗಳ ಮೈಲೇಜ್ ಲೀಟರಿಗೆ ಐದು ಕಿಲೋಮೀಟರ್ ಕೂಡ ದಾಟಲಿಲ್ಲ. ಮಾರಾಟ ಕುಸಿಯಿತು, ಸುಮಿಟೊಮೊ ಬ್ಯಾಂಕ್ ಕೈಹಿಡಿಯಬೇಕಾಯಿತು. ಕಾರ್ಖಾನೆಯ ನೌಕರರನ್ನು ಊರೂರಿನ ಶೋರೂಮುಗಳಿಗೆ ಕಾರು ಮಾರಲು ಕಳುಹಿಸಲಾಯಿತು. 1979ರಲ್ಲಿ ಫೋರ್ಡ್ ಕಾಲುಭಾಗದಷ್ಟು ಷೇರು ತೆಗೆದುಕೊಂಡಿತು. ಈ ಬಿಕ್ಕಟ್ಟಿನ ವರ್ಷಗಳಲ್ಲಿ ರೋಟರಿಯನ್ನು ಕೈಬಿಡುವುದೇ ಸುಲಭವಾಗಿತ್ತು. ಕಂಪನಿ ಹಾಗೆ ಮಾಡದೆ 1978ರಲ್ಲಿ ಆರ್‌ಎಕ್ಸ್-7 ತಂದಿತು. ರೋಟರಿ ಎಲ್ಲರ ಕಾರಿನ ಇಂಜಿನ್ ಆಗುವ ಆಸೆ ಬಿಟ್ಟು, ಅದನ್ನು ಬೇಕೆಂದೇ ಕೊಳ್ಳುವವರ ಇಂಜಿನ್ ಆದದ್ದು ಇಲ್ಲಿಂದ. 1984ರಲ್ಲಿ ಟೊಯೊ ಕೊಗ್ಯೊ ಹೆಸರು ಮಜ್ದಾ ಎಂದು ಬದಲಾಯಿತು. ಅದೇ ವರ್ಷ ಯಾಮಾಮೊಟೊ ಅಧ್ಯಕ್ಷರಾದರು.

ಲ ಮಾನ್ 24 ಗಂಟೆ ಓಟದ ಬಗ್ಗೆ ಒಂದು ತಿದ್ದುಪಡಿ ಅಗತ್ಯ. 1991ರಲ್ಲಿ ನಾಲ್ಕು ರೋಟರ್‌ಗಳ 787ಬಿ, 55ನೇ ನಂಬರಿನ ಗಾಡಿ, 362 ಸುತ್ತು ಓಡಿ ಗೆದ್ದಿತು. ಜಪಾನಿ ಕಂಪನಿಯೊಂದಕ್ಕೆ ಅಲ್ಲಿ ದಕ್ಕಿದ ಮೊದಲ ಜಯ ಅದು. ಗೆದ್ದಿತು ಎಂಬ ಕಾರಣಕ್ಕೇ ಮರುವರ್ಷ ರೋಟರಿಯನ್ನು ನಿಷೇಧಿಸಿದರು ಎಂದು ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಇದು ಸರಿಯಲ್ಲ. 3.5 ಲೀಟರ್ ಇಂಜಿನ್ನುಗಳಿಗೆ ಮಾತ್ರ ಜಾಗ ಕೊಡುವ ನಿಯಮ ಆ ಗೆಲುವಿಗೂ ಮೊದಲೇ ತೀರ್ಮಾನವಾಗಿತ್ತು. 1991 ರೋಟರಿಗೆ ಸಿಕ್ಕ ಕೊನೆಯ ಅವಕಾಶವಾಗಿತ್ತು, ಅದನ್ನು ಮಜ್ದಾ ಬಳಸಿಕೊಂಡಿತು.

ಈಗ ಮಾಲೀಕರ ಸಾಕ್ಷ್ಯಕ್ಕೆ ಬರೋಣ. ಅದು ಹೆಚ್ಚು ಸಿಗುವುದು 2003ರಿಂದ 2012ರವರೆಗೆ ತಯಾರಾದ ಆರ್‌ಎಕ್ಸ್-8ರ ವಿಷಯದಲ್ಲಿ. ಈ ಕಾರು ಇಟ್ಟುಕೊಂಡವರು ಮೊದಲು ಕಲಿಯುವುದು ಆಯಿಲ್‌ನ ಪಾಠ. ಸೀಲುಗಳು ಸವೆಯದಿರಲೆಂದು ಒಂದು ಪಂಪ್ ಆಯಿಲನ್ನು ಅಳೆದು ದಹನದ ಕೋಣೆಯೊಳಗೇ ಬಿಡುತ್ತದೆ. ಅದು ಪೆಟ್ರೋಲ್ ಜೊತೆ ಉರಿದುಹೋಗುತ್ತದೆ. ಬೇರೆ ಕಾರಿನಲ್ಲಿ ಆಯಿಲ್ ಕುಡಿಯುವುದು ರೋಗದ ಗುರುತು, ಇಲ್ಲಿ ಅದು ಆರೋಗ್ಯದ ಗುರುತು. ಆಯಿಲ್ ಕಡಿಮೆಯಾಗದಿದ್ದರೇ ಗಾಬರಿಯಾಗಬೇಕು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸ ಇಲ್ಲದವರ ಗಾಡಿ ಬೇಗ ಕೆಡುತ್ತದೆ.

ಎರಡನೆಯದು ಚಳಿಗಾಲದ ಬೆಳಗಿನ ಪಾಠ. ಮನೆ ಮುಂದೆ ಎರಡು ಕಾರು ನಿಂತಿವೆ, ಹಿಂದಿನದು ಹೊರಡಲು ಮುಂದಿನ ಆರ್‌ಎಕ್ಸ್-8 ಸರಿಯಬೇಕು. ಸ್ಟಾರ್ಟ್ ಮಾಡಿ, ನಾಲ್ಕು ಮೀಟರ್ ಸರಿಸಿ, ಆಫ್ ಮಾಡುತ್ತಾರೆ. ತಣ್ಣಗಿದ್ದ ಇಂಜಿನ್ನಿಗೆ ಆ ಕ್ಷಣದಲ್ಲಿ ಹೆಚ್ಚು ಪೆಟ್ರೋಲ್ ಹೋಗಿರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಬಿಡುತ್ತದೆ, ಪ್ಲಗ್‌ಗಳು ನೆನೆಯುತ್ತವೆ. ಸಂಜೆ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಎದ್ದೇಳುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ತುಳಿದುಕೊಂಡು ಸೆಲ್ಫ್ ಹೊಡೆದರೆ ಪೆಟ್ರೋಲ್ ಬರುವುದು ನಿಂತು ಒಳಗೆ ಒಣಗುತ್ತದೆ ಎಂಬುದು ಬಲ್ಲ ಮಾಲೀಕರಿಗೆ ಗೊತ್ತು. ಅದೂ ಆಗದಿದ್ದರೆ ನಾಲ್ಕೂ ಪ್ಲಗ್ ಬಿಚ್ಚಬೇಕು. ಇದನ್ನು ತಿಳಿಯದವರು ಗಾಡಿಯನ್ನು ಎಳೆಸಿಕೊಂಡು ಹೋಗಿ ಇಂಜಿನ್ ಹೋಯಿತೆಂದು ಮಾರಿಬಿಟ್ಟದ್ದುಂಟು.

ಮೂರನೆಯದು ಓಡಿಸುವ ರೀತಿ. ಬಿಸಿಯಾಗುವವರೆಗೆ ಮೆಲ್ಲಗೆ, ಬಿಸಿಯಾದ ಮೇಲೆ ದಿನಕ್ಕೊಮ್ಮೆಯಾದರೂ 9,000 ಸುತ್ತಿನ ಹತ್ತಿರಕ್ಕೆ. ಮಸಿ ಕಟ್ಟದಂತೆ ಇಂಜಿನ್ ತನ್ನನ್ನು ತಾನೇ ಉರಿಸಿ ಶುಚಿಮಾಡಿಕೊಳ್ಳಲಿ ಎಂಬ ಲೆಕ್ಕ. ಹತ್ತಿರದ ಅಂಗಡಿಗೆ ಹೋಗಿಬರುವುದಕ್ಕಷ್ಟೇ, ಸದಾ ಮೆತ್ತಗೆ ಓಡಿಸಿದ ಒಬ್ಬನೇ ಮಾಲೀಕನ ಕಾರು ಇಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಅಲ್ಲ.

ಈ ಅನುಭವಗಳನ್ನು ಅಳೆಯಲು ಒಂದು ದಾರಿ ಇದೆ, ಕಂಪ್ರೆಷನ್ ಪರೀಕ್ಷೆ. ಸಾಮಾನ್ಯ ಗೇಜ್ ಇಲ್ಲಿ ಕೆಲಸಕ್ಕೆ ಬಾರದು. ಒಂದೇ ಪ್ಲಗ್ ತೂತಿನ ಮುಂದೆ ರೋಟರಿನ ಮೂರು ಮುಖಗಳೂ ಸರದಿಯಂತೆ ಹಾದುಹೋಗುತ್ತವೆ. ಗೇಜ್ ಅವುಗಳಲ್ಲಿ ಗಟ್ಟಿಯಾದದ್ದನ್ನು ಮಾತ್ರ ತೋರಿಸಿ ಸೋತದ್ದನ್ನು ಮುಚ್ಚಿಡುತ್ತದೆ. ರೋಟರಿಗೆಂದೇ ಮಾಡಿದ ಉಪಕರಣ ಮೂರು ಮುಖಗಳ ಒತ್ತಡವನ್ನು ಬೇರೆಬೇರೆಯಾಗಿ ಹಿಡಿಯುತ್ತದೆ, ಎರಡು ರೋಟರಿಗೆ ಒಟ್ಟು ಆರು ಅಂಕಿ. ಅವನ್ನು ನಿಮಿಷಕ್ಕೆ 250 ಸುತ್ತಿನ ವೇಗಕ್ಕೆ ಹೊಂದಿಸಿ ಓದಬೇಕು. ಆರ್‌ಎಕ್ಸ್-8ಕ್ಕೆ ಚದರ ಸೆಂಟಿಮೀಟರಿಗೆ 8.5 ಕೆ.ಜಿ. ಮಾನಕ, 6.9ಕ್ಕಿಂತ ಕಡಿಮೆಯಾದರೆ ಇಂಜಿನ್ ಬಿಚ್ಚುವ ಕಾಲ. ಮಾಲೀಕರ ಹೊಗಳಿಕೆ, ಬೈಗುಳ ಎರಡನ್ನೂ ಈ ಆರು ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಅವು ಸಾಕ್ಷ್ಯವಾಗುತ್ತವೆ. ಕೆಟ್ಟ ಗಾಡಿಯವರು ದೂರು ಹೇಳಲು ಮುಂದೆ ಬರುತ್ತಾರೆ, ಹುಚ್ಚು ಪ್ರೀತಿಯವರು ಹಾಡಿಹೊಗಳಲು ಬರುತ್ತಾರೆ. ನಡುವಿನವರು ಮಾತಾಡುವುದೇ ಕಡಿಮೆ. ಸಂಶೋಧಕರು ಈ ಓರೆಯನ್ನು ಮರೆಯಬಾರದು.

ಆದರೂ ಮಾಲೀಕರ ದೂರು ಗಾಳಿಮಾತಾಗಿರಲಿಲ್ಲ ಎಂಬುದಕ್ಕೆ ಕಂಪನಿಯ ನಡೆಯೇ ಪುರಾವೆ. ಅಮೆರಿಕದಲ್ಲಿ 2004ರಿಂದ 2008ರವರೆಗಿನ ಮಾದರಿಗಳ ಇಂಜಿನ್ ವಾರಂಟಿಯನ್ನು ಮಜ್ದಾ 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಿತು. 2009ರ ಮಾದರಿಯಲ್ಲಿ ಪ್ರತಿ ರೋಟರಿಗೆ ಆಯಿಲ್ ಬಿಡುವ ನಳಿಕೆಗಳು ಎರಡರಿಂದ ಮೂರಾದವು. ಅದಕ್ಕೂ ಮೊದಲು, ಕಾರು ಅಲ್ಲಿಗೆ ಬಂದ ಹೊಸತರಲ್ಲೇ, ಜಾಹೀರಾತಿನ 247 ಅಶ್ವಶಕ್ತಿಯನ್ನು 238ಕ್ಕೆ ಇಳಿಸಬೇಕಾಗಿ ಬಂದಾಗ, ಬೇಡವೆಂದವರ ಕಾರನ್ನು ವಾಪಸ್ ಕೊಳ್ಳಲು ಕಂಪನಿ ಮುಂದಾಗಿತ್ತು. ಈ ಪ್ರಾಮಾಣಿಕತೆಯನ್ನು ದಾಖಲಿಸದೆ ದೂರುಗಳನ್ನಷ್ಟೇ ಪಟ್ಟಿಮಾಡುವುದು ನ್ಯಾಯವಲ್ಲ.

ಹಾಗಾದರೆ ದೋಷ ಕಾರ್ಖಾನೆಯ ಕೈಕೆಲಸದ್ದೇ? ಅಲ್ಲ. ಹಿರೋಶಿಮಾದ ಉಜಿನಾ ಕಾರ್ಖಾನೆಯಿಂದಲೇ ಎಂಎಕ್ಸ್-5 ಕೂಡ ಬರುತ್ತದೆ. 1989ರಲ್ಲಿ ಬಂದ ಆ ಎರಡು ಸೀಟಿನ ಕಾರು 2016ರ ಏಪ್ರಿಲ್‌ನಲ್ಲಿ 10 ಲಕ್ಷದ ಗಡಿ ದಾಟಿತು. ಅದರ ಮಾಲೀಕರು ತಿರುವುಗಳ ಬಗ್ಗೆ, ಮೈಗೆ ಹಿಡಿಯುವ ತುಕ್ಕಿನ ಬಗ್ಗೆ, ಬಟ್ಟೆಯ ಮಾಡಿನ ಬಗ್ಗೆ ಮಾತಾಡುತ್ತಾರೆ. ಇಂಜಿನ್ ಸುದ್ದಿಗೆ ಬರುವುದು ಅಪರೂಪ. ಅದೇ ಊರು, ಅದೇ ಶಿಸ್ತು, ಆದರೆ ಪಿಸ್ಟನ್ ಇಂಜಿನ್. ವ್ಯತ್ಯಾಸ ಇರುವುದು ರೋಟರಿ ತನ್ನ ಮಾಲೀಕರಿಂದ ಕೇಳುವ ದುಡಿಮೆಯಲ್ಲಿ.

2023ರ ಎಂಎಕ್ಸ್-30 ಆರ್-ಇವಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಅದರಲ್ಲಿರುವುದು 830 ಸಿಸಿಯ ಒಂದೇ ರೋಟರ್. ಅಪೆಕ್ಸ್ ಸೀಲಿನ ದಪ್ಪ 2 ಮಿ.ಮೀ.ಯಿಂದ 2.5ಕ್ಕೆ ಏರಿದೆ. ಇಂಜಿನ್ ಚಕ್ರ ತಿರುಗಿಸುವುದಿಲ್ಲ, 17.8 ಕಿಲೋವ್ಯಾಟ್-ಗಂಟೆಯ ಬ್ಯಾಟರಿಗೆ ವಿದ್ಯುತ್ ಮಾಡಿಕೊಡುತ್ತದೆ ಅಷ್ಟೆ. ಯಾವಾಗ ಏಳಬೇಕು, ಎಷ್ಟು ಬಿಸಿಯಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಿಂದೆ ಮಾಲೀಕರ ಕಾಲು, ಕಿವಿ, ಅಭ್ಯಾಸಗಳಿಗೆ ಬಿಟ್ಟಿದ್ದ ಪಾಲನ್ನು ಕಂಪನಿ 56 ವರ್ಷಗಳ ನಂತರ ಮರಳಿ ತನ್ನ ಕೈಗೆ ತೆಗೆದುಕೊಂಡಿದೆ. ಇದು ಮೇಲಿನ ವಾದಕ್ಕೆ ಸಿಗುವ ಬಲವಾದ ಆಧಾರ.

ಭಾರತದಲ್ಲಿ ಮಜ್ದಾ ಕಾರುಗಳ ಮಾರಾಟ ನಡೆಯಲಿಲ್ಲ. ನಮ್ಮವರಿಗೆ ಈ ಹೆಸರು ಗೊತ್ತಿರುವುದು ಸ್ವರಾಜ್ ಮಜ್ದಾದಿಂದ. ಪಂಜಾಬ್ ಟ್ರ್ಯಾಕ್ಟರ್ಸ್, ಮಜ್ದಾ, ಸುಮಿಟೊಮೊ ಮೂವರೂ ಸೇರಿ 1983ರಲ್ಲಿ ಕಟ್ಟಿದ ಆ ಕಂಪನಿಯ ಸಣ್ಣ ಲಾರಿ, ಮಿನಿ ಬಸ್ಸು, ಶಾಲೆಯ ವ್ಯಾನುಗಳು ಕರ್ನಾಟಕದ ರಸ್ತೆಗಳಲ್ಲೂ ದುಡಿದವು. ಡಿಸಿಎಂ ಟೊಯೊಟಾ, ಆಲ್ವಿನ್ ನಿಸಾನ್, ಐಷರ್ ಮಿತ್ಸುಬಿಷಿ ಅದರ ಸಮಕಾಲೀನರು. 2011ರಲ್ಲಿ ಸ್ವರಾಜ್ ಮಜ್ದಾ ಹೆಸರು ಎಸ್‌ಎಂಎಲ್ ಇಸುಜು ಆಯಿತು. ಇವು ಡೀಸೆಲ್ ಗಾಡಿಗಳು, ರೋಟರಿಯ ಸೋಂಕು ಇವಕ್ಕಿಲ್ಲ. ಆದರೆ ವಿಧಾನ ಒಂದೇ: ಕಂಪನಿಯ ಕಾಗದದಲ್ಲಿ ಇಲ್ಲದ್ದು ಓಡಿಸಿದವರ ನೆನಪಿನಲ್ಲಿ, ಮೇಸ್ತ್ರಿಗಳ ಕೈಯಲ್ಲಿ, ಹಳೆಯ ರಿಪೇರಿ ಬಿಲ್ಲುಗಳಲ್ಲಿ ಇರುತ್ತದೆ. ಎಂಬತ್ತರ ದಶಕದಲ್ಲಿ ಈ ಗಾಡಿಗಳ ಸ್ಟೀರಿಂಗ್ ಹಿಡಿದ ಚಾಲಕರಿಗೆ, ಅವನ್ನು ಬಿಚ್ಚಿ ಕಟ್ಟಿದ ಗ್ಯಾರೇಜಿನವರಿಗೆ ಈಗ ವಯಸ್ಸಾಗಿದೆ. ಆಸಕ್ತ ಸಂಶೋಧಕರು ತಮ್ಮ ತಾಲ್ಲೂಕಿನಲ್ಲಿ ಅಂಥವರನ್ನು ಹುಡುಕಿ ಮಾತಾಡಿಸಿ, ಬಿಲ್ಲು, ಲಾಗ್ ಪುಸ್ತಕ, ಫೋಟೊಗಳ ಪ್ರತಿ ತೆಗೆದಿಡುವ ಕೆಲಸವನ್ನು ಈಗಲೇ ಶುರುಮಾಡಬೇಕೆಂದು ಕೋರುತ್ತೇನೆ.