ಗೋಡೆಯಲ್ಲಿ ಕಂಬ, ಗುಂಡಿಯಲ್ಲಿ ಮೊಸಳೆ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡದವರು ನಮ್ಮಲ್ಲಿ ಕಡಿಮೆ. ಆ ಕಾಲೇಜಿನಲ್ಲಿ ಕಲಿತವರು ಬ್ಯಾರಿ ಮನೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಲಿಯದವರೂ ಊರಿಗೆ ಬಂದ ನೆಂಟರನ್ನು ಒಮ್ಮೆಯಾದರೂ ಕರೆದುಕೊಂಡು ಹೋಗಿ ತೋರಿಸಿರುತ್ತಾರೆ. ಒಳಗೆ ಹೋದವರು ಮೇಲೆ ನೋಡುತ್ತಾರೆ, ಬಣ್ಣ ಹೊಗಳುತ್ತಾರೆ, ಹೊರಗೆ ಬರುತ್ತಾರೆ. ಇನ್ನೊಮ್ಮೆ ಹೋದರೆ ಚಿತ್ರಗಳ ನಡುವಿನ ಅಲಂಕಾರದ ಪಟ್ಟಿಗಳನ್ನು ನೋಡಿ. ಗಾರೆಯಲ್ಲಿ ಕೆತ್ತಿದ ಹಾಗೆ ಉಬ್ಬಿ ನಿಂತ ಅಂಚು, ಚೌಕಟ್ಟುಗಳಲ್ಲಿ ಬಹಳಷ್ಟು ಉಬ್ಬಿದ್ದೇ ಅಲ್ಲ. ಗೋಡೆ ಚಪ್ಪಟೆ. ನೆರಳು ಕೂಡ ಬಣ್ಣದ್ದೇ.

ಅದನ್ನು ಬರೆದವರು ಅಂತೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಾಮೊ ಹತ್ತಿರ 1854ರಲ್ಲಿ ಹುಟ್ಟಿ, ಚಿತ್ರಕಲೆ ಕಲಿತು, ಆಮೇಲೆ ಜೆಸ್ಯುಯಿಟ್ ಬ್ರದರ್ ಆದವರು. 1900ರ ಆಸುಪಾಸಿನಲ್ಲಿ ಮಂಗಳೂರಿನಲ್ಲಿ ಕುಳಿತು ಆ ಗೋಡೆ, ಮಾಡು ಎಲ್ಲ ತುಂಬಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಆ ಚಿತ್ರಗಳ ಕಥೆ ಕ್ರೈಸ್ತರದು, ಅವರೇ ಹೇಳಿದರೆ ಚಂದ. ನನಗೆ ಬೇಕಾದದ್ದು ಅಲ್ಲಿನ ಕಣ್ಕಟ್ಟು. ಯಾಕೆಂದರೆ ಆ ಕಣ್ಕಟ್ಟು ಈಗ ಇಗರ್ಜಿಯ ಮಾಡು ಬಿಟ್ಟು ರಸ್ತೆಗೆ ಇಳಿದಿದೆ, ನಮ್ಮ ಬೈಕಿನ ಚಕ್ರದ ಕೆಳಗೆ ಬಂದಿದೆ.

ನಾನು ಬರೆಯುತ್ತಿರುವುದು ಆದೋನಿಯಿಂದ. ಕರ್ನೂಲು ಜಿಲ್ಲೆಯ ಪಶ್ಚಿಮದ ತುದಿ, ಹತ್ತಿ ಮತ್ತು ಕಪ್ಪು ಮಣ್ಣಿನ ಊರು. 1953ರ ಅಕ್ಟೋಬರ್ 1ರವರೆಗೆ ಇದು ಬಳ್ಳಾರಿ ಜಿಲ್ಲೆ. ಅಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು ಆ ಕಡೆ ಹೋದವು, ಬಳ್ಳಾರಿ ಈ ಕಡೆ ಉಳಿಯಿತು. ಹಾಗಾಗಿ ಇಲ್ಲಿ ಗಿರಾಕಿ ತೆಲುಗಿನಲ್ಲಿ ಕೇಳುತ್ತಾನೆ, ದಖನಿಯಲ್ಲಿ ಚೌಕಾಸಿ ಮಾಡುತ್ತಾನೆ, ಹಳ್ಳಿಯಿಂದ ಬಂದ ಅಜ್ಜಿ ಕನ್ನಡದಲ್ಲೇ ಬೈಯುತ್ತಾಳೆ. ಉಪ್ಪ ಇಲ್ಲಿ ಬೇಕರಿ ಹಾಕಿದಾಗ ನಾನು ಸಣ್ಣವ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಈಗ ಹತ್ತಿ ಜಿನ್ನಿಂಗ್ ಯಂತ್ರಗಳ ರಿಪೇರಿ ನನ್ನ ಕೆಲಸ. ಸಂಜೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ.

ಬೇಕರಿಯವರ ಮಕ್ಕಳಿಗೆ ಕಣ್ಕಟ್ಟು ಹೊಸದಲ್ಲ. ಗಾಜಿನ ಶೋಕೇಸ್‌ನ ಹಿಂಬದಿಗೆ ಕನ್ನಡಿ ಹಾಕುವುದು ಯಾಕೆ? ಅರ್ಧ ಟ್ರೇ ಬಿಸ್ಕತ್ತು ಒಂದು ಟ್ರೇ ಆಗಿ ಕಾಣಲಿ ಎಂದು. ಉಪ್ಪ ಇದನ್ನು ಮೋಸ ಎನ್ನುತ್ತಿರಲಿಲ್ಲ, “ಕಣ್ಣು ತುಂಬಬೇಕು, ತೂಕ ಸರಿ ಇರಬೇಕು” ಎನ್ನುತ್ತಿದ್ದರು. ನಮ್ಮ ಮೊದಲ ಬೋರ್ಡು ಬರೆದ ಪೇಂಟರ್ ತೆಲುಗು ಅಕ್ಷರಗಳಿಗೆ ಕೆಳಗೆ ಬಲಕ್ಕೆ ಕಡು ನೀಲಿ ನೆರಳು ಕೊಟ್ಟಿದ್ದರು. ರಸ್ತೆಯ ಆ ಬದಿಯಿಂದ ನೋಡಿದರೆ ಮರದ ಅಕ್ಷರ ಕಡಿದು ಮೊಳೆ ಹೊಡೆದ ಹಾಗೆ. ಗಿರಾಕಿಗಳು ಮುಟ್ಟಿ ನೋಡುತ್ತಿದ್ದರು. ಗುಟ್ಟು ಇಷ್ಟೇ: ಬೆಳಕು ಒಂದೇ ಕಡೆಯಿಂದ ಬರಬೇಕು, ಒಂದು ಅಕ್ಷರದ ನೆರಳು ತಪ್ಪಿದರೂ ಇಡೀ ಬೋರ್ಡು ಮಲಗಿಬಿಡುತ್ತದೆ. ಫ್ಲೆಕ್ಸ್ ಬಂದ ಮೇಲೆ ಆ ಪೇಂಟರ್‌ಗೆ ಬೋರ್ಡಿನ ಕೆಲಸ ಹೋಯಿತು, ಈಗ ಮನೆಗಳಿಗೆ ಸುಣ್ಣಬಣ್ಣ ಮಾಡುತ್ತಾರೆ.

ನೆರಳು ಈ ವಿದ್ಯೆಯ ಅರ್ಧ. ಇನ್ನರ್ಧ ಲೆಕ್ಕ. ಅದರ ದೊಡ್ಡ ಗುರು ಮೊಸ್ಕೆನಿಗಿಂತ ಎರಡು ನೂರು ವರ್ಷ ಹಿಂದಿನ ಇನ್ನೊಬ್ಬ ಜೆಸ್ಯುಯಿಟ್ ಬ್ರದರ್, ಅಂದ್ರೆಯಾ ಪೊಝ್ಝೊ. ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಗೆ ಗುಮ್ಮಟ ಕಟ್ಟುವ ಯೋಜನೆ ಇತ್ತು, ಕಟ್ಟಲು ಆಗಲಿಲ್ಲ. 1685ರಲ್ಲಿ ಪೊಝ್ಝೊ ಸುಮಾರು 17 ಮೀಟರ್ ಅಗಲದ ಕ್ಯಾನ್ವಾಸಿನ ಮೇಲೆ ಗುಮ್ಮಟದ ಒಳಭಾಗ ಬರೆದು ಮೇಲೆ ಏರಿಸಿದರು. ನೆಲದಲ್ಲಿ ಒಂದು ಅಮೃತಶಿಲೆಯ ಬಿಲ್ಲೆ ಉಂಟು, ಅದರ ಮೇಲೆ ನಿಂತರೆ ಗುಮ್ಮಟ ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಹತ್ತು ಹೆಜ್ಜೆ ಆಚೆ ಹೋದರೆ ವಾಲುತ್ತದೆ, ಇನ್ನೂ ಹೋದರೆ ಬರೀ ಬಟ್ಟೆ.

ಆ ಬಿಲ್ಲೆಯೇ ಇಡೀ ವಿದ್ಯೆಯ ಕೀಲಿಕೈ. ಡಿಪ್ಲೊಮಾದ ಮೊದಲ ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟ್ ಬರೆದವರಿಗೆ ಇದು ಕೂಡಲೇ ತಿಳಿಯುತ್ತದೆ, ಉಳಿದವರಿಗೆ ಸರಳ ಲೆಕ್ಕ. ನಿಮ್ಮ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. 10 ಅಡಿ ದೂರದಲ್ಲಿ ಎರಡೂವರೆ ಅಡಿ ಎತ್ತರದ ಪೆಟ್ಟಿಗೆ ನಿಂತ ಹಾಗೆ ರಸ್ತೆಯಲ್ಲಿ ಬರೆಯಬೇಕು. ಕಣ್ಣಿನಿಂದ ಪೆಟ್ಟಿಗೆಯ ಮೇಲಂಚಿಗೆ ದಾರ ಎಳೆದು ಮುಂದುವರಿಸಿದರೆ ಅದು ನೆಲಕ್ಕೆ ತಾಗುವುದು 20ನೇ ಅಡಿಯಲ್ಲಿ. ಅಂದರೆ ಎರಡೂವರೆ ಅಡಿಯ ಪೆಟ್ಟಿಗೆಗೆ 10 ಅಡಿ ಉದ್ದದ ಚಿತ್ರ. ಪೆಟ್ಟಿಗೆ 4 ಅಡಿ ಎತ್ತರ ಇದ್ದರೆ ದಾರ ತಾಗುವುದು 50ನೇ ಅಡಿಯಲ್ಲಿ, ಚಿತ್ರದ ಉದ್ದ 40 ಅಡಿ. 5 ಅಡಿ ಆದರೆ ದಾರ ನೆಲಕ್ಕೆ ತಾಗುವುದೇ ಇಲ್ಲ! ಹತ್ತಿರ ಹೋಗಿ ನೋಡಿದರೆ ಚಿತ್ರ ಎಳೆದ ರಬ್ಬರಿನ ಹಾಗೆ ವಿಕಾರ. ಬಿಲ್ಲೆಯ ಮೇಲೆ ನಿಂತವನಿಗೆ ಮಾತ್ರ ಅದು ಪೆಟ್ಟಿಗೆ.

ಬಿಲ್ಲೆ ಬೇಡದ ಕಣ್ಕಟ್ಟೂ ಒಂದುಂಟು. ಮೂರು ಬಣ್ಣದ ಓರೆ ಚೌಕಗಳನ್ನು ಜೋಡಿಸಿದರೆ ನೆಲದ ತುಂಬ ಘನಾಕಾರದ ಕಲ್ಲುಗಳು ಎದ್ದ ಹಾಗೆ ಕಾಣುತ್ತದೆ. ಹಳೆಯ ಮನೆಗಳ ಸಿಮೆಂಟ್ ಟೈಲ್ಸಿನಲ್ಲಿ ಈ ನಮೂನೆ ನೋಡಿರಬಹುದು, ಅದರ ಅಂಚಿನ ಮೇಲೆ ಕಾಲಿಡಲು ಸಣ್ಣ ಮಕ್ಕಳು ಹೆದರುತ್ತಾರೆ. ಇಟಲಿಯ ಪೊಂಪೈಯಲ್ಲಿ ಎರಡು ಸಾವಿರ ವರ್ಷ ಹಿಂದಿನ ಮನೆಯ ನೆಲದಲ್ಲೂ ಇದೇ ನಮೂನೆ ಇದೆ. ಮನುಷ್ಯರ, ಪ್ರಾಣಿಗಳ ಚಿತ್ರ ಬೇಡ ಎನ್ನುವ ನಮ್ಮ ಹಿರಿಯರಿಗೂ ಇದರಲ್ಲಿ ತಕರಾರಿಲ್ಲ, ಬರೀ ಗೆರೆ ಮತ್ತು ಮೂಲೆ.

ಇಟಲಿಯಲ್ಲಿ ಬೀದಿಯ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಧಾರ್ಮಿಕ ಚಿತ್ರ ಬರೆದು ಚಿಲ್ಲರೆ ಕಾಸು ಪಡೆಯುವ ಬಡ ಚಿತ್ರಕಾರರು ತಲೆಮಾರುಗಳಿಂದ ಇದ್ದರು. 1973ರಿಂದ ಗ್ರಾಝಿಯೆ ಎಂಬ ಹಳ್ಳಿಯಲ್ಲಿ ಅವರಿಗೆಂದೇ ಹಬ್ಬ ಶುರುವಾಯಿತು. ಅಮೆರಿಕದ ಕರ್ಟ್ ವೆನ್ನರ್ ನಾಸಾದಲ್ಲಿ ಚಿತ್ರಕಾರನ ಕೆಲಸ ಬಿಟ್ಟು ರೋಮಿಗೆ ಬಂದು, 1980ರ ದಶಕದಲ್ಲಿ ಮಾಡಿನ ಆ ಲೆಕ್ಕವನ್ನೇ ರಸ್ತೆಗೆ ಹಾಕಿದರು. ಮೇಲಕ್ಕೆ ಏರುತ್ತಿದ್ದ ಗುಮ್ಮಟದ ಬದಲು ಕೆಳಕ್ಕೆ ಇಳಿಯುವ ಬಾವಿ, ಮೆಟ್ಟಿಲು, ಗುಹೆ. ಬಿಲ್ಲೆಯ ಜಾಗದಲ್ಲಿ ಕ್ಯಾಮೆರಾ ಸ್ಟ್ಯಾಂಡ್. ಆಮೇಲೆ ಇಂಟರ್‌ನೆಟ್ ಬಂತು, ಲಂಡನ್ನಿನ ಫುಟ್‌ಪಾತಿನ ಬಾವಿಯನ್ನು ನಾವು ಆದೋನಿಯಲ್ಲಿ ಕುಳಿತು ಫಾರ್ವರ್ಡ್ ಮಾಡಿದೆವು.

ನಮ್ಮ ದೇಶಕ್ಕೆ ಬಂದಾಗ ಈ ವಿದ್ಯೆ ತಿರುಗುಮುರುಗಾಯಿತು. ಅಲ್ಲಿ ಚಪ್ಪಟೆ ರಸ್ತೆಯಲ್ಲಿ ಗುಂಡಿ ಬರೆಯುತ್ತಾರೆ, ಇಲ್ಲಿ ಗುಂಡಿ ಮೊದಲೇ ತಯಾರು.

ಮೈಸೂರಿನ ಕಾವಾದಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಒಂದು ದೊಡ್ಡ ಗುಂಡಿ ಹುಡುಕಿದರು. ಸುತ್ತ ಹಸಿರು ಬಣ್ಣ ಹಚ್ಚಿ ಕೆರೆಯ ಹಾಗೆ ಮಾಡಿ, ಅದರಲ್ಲಿ ಸುಮಾರು 20 ಕಿಲೋ ತೂಕದ ಮೊಸಳೆ ಬಿಟ್ಟರು. ಮೊಸಳೆ ಗಟ್ಟಿ ಬೊಂಬೆ, ಕೆರೆ ಮಾತ್ರ ಬಣ್ಣದ್ದು. ಫೋಟೋ ದೇಶ ಸುತ್ತಿತು, ಗುಂಡಿ ಬೇಗನೆ ಮುಚ್ಚಿತು. ಅವರು ಬಾಯಿ ತೆರೆದ ಮ್ಯಾನ್‌ಹೋಲ್ ಸುತ್ತ ಯಮನ ಮುಖವನ್ನೂ ಬರೆದಿದ್ದಾರೆ, ಮ್ಯಾನ್‌ಹೋಲೇ ಯಮನ ಬಾಯಿ.

2019ರ ಸೆಪ್ಟೆಂಬರ್ ಮೊದಲ ವಾರ ಅವರು ಬಿಟ್ಟ ವಿಡಿಯೋ ನಿಮ್ಮಲ್ಲಿ ಹೆಚ್ಚಿನವರ ಫೋನಿಗೂ ಬಂದಿರುತ್ತದೆ. ಬಿಳಿ ಅಂತರಿಕ್ಷ ಪೋಷಾಕು ಹಾಕಿದ ಒಬ್ಬ ಚಂದ್ರನ ಕುಳಿಗಳ ನಡುವೆ ತೇಲುವ ಹಾಗೆ ಹೆಜ್ಜೆ ಹಾಕುತ್ತಾನೆ. ಒಂದು ಗಳಿಗೆಯಲ್ಲಿ ಪಕ್ಕದಿಂದ ಆಟೋ ಹೋಗುತ್ತದೆ. ಆಗ ಗೊತ್ತಾಗುತ್ತದೆ ಅದು ಬೆಂಗಳೂರಿನ ಹೇರೋಹಳ್ಳಿ ಕಡೆಯ ರಸ್ತೆ ಎಂದು. ಪೋಷಾಕಿನೊಳಗೆ ಇದ್ದವರು ನಟ ಪೂರ್ಣಚಂದ್ರ ಮೈಸೂರು. ಇದರಲ್ಲಿ ರಸ್ತೆಯ ಮೇಲೆ ಚಿತ್ರ ಬರೆಯುವ ಕೆಲಸವೇ ಇಲ್ಲ. ರಾತ್ರಿಯ ಕತ್ತಲು, ನೆಲಕ್ಕೆ ಓರೆಯಾಗಿ ಬಿದ್ದ ಬೆಳಕು, ಪ್ರತಿ ಗುಂಡಿಯ ಒಳಗೆ ಒಂದೇ ಕಡೆಗೆ ಬಿದ್ದ ನೆರಳು. ನಮ್ಮ ಬೋರ್ಡ್ ಪೇಂಟರ್‌ಗೆ ತೋರಿಸಿದಾಗ ಅವರು ಮೊದಲು ಗಮನಿಸಿದ್ದು ನೆರಳನ್ನೇ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರನ ಮೇಲೆ ಇಳಿಯಬೇಕಿತ್ತು. ಅದಕ್ಕೂ ಮೊದಲೇ ಆ ರಸ್ತೆಗೆ ರಿಪೇರಿಯವರು ಬಂದಿದ್ದರು.

ನಗು ಬರುತ್ತದೆ, ನಗಲಿಕ್ಕೇ ಮಾಡಿದ್ದು. ಆದರೆ ಇದನ್ನು ಬರೀ ತಮಾಷೆ ಎಂದು ಬಿಡಲು ನನ್ನಿಂದಾಗದು. ಕಳೆದ ಮಳೆಗಾಲ ನಮ್ಮ ಅಂಗಡಿಯ ಹುಡುಗ ಬ್ರೆಡ್ ಟ್ರೇ ಕಟ್ಟಿದ ಬೈಕಿನಲ್ಲಿ ಬೆಳಗಿನ ಜಾವ ಹೋಗುವಾಗ ಒಂದು ಗುಂಡಿಗೆ ಬಿದ್ದ, ಕಾಲರ್ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವನು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: “ಅಲ್ಲಿ ರಸ್ತೆ ಸಮ ಇತ್ತು ಅಣ್ಣಾ.” ಅವನು ಸುಳ್ಳು ಹೇಳಲಿಲ್ಲ. ಗುಂಡಿಯಲ್ಲಿ ನೀರು ಅಂಚಿನವರೆಗೆ ನಿಂತಿತ್ತು. ಕೆಸರು ನೀರಿಗೂ ನೆನೆದ ಡಾಂಬರಿಗೂ ನಸುಕಿನಲ್ಲಿ ಬಣ್ಣದ ವ್ಯತ್ಯಾಸ ಇಲ್ಲ. ನೀರಿನ ಮೇಲ್ಮೈಗಿಂತ ಚಪ್ಪಟೆ ವಸ್ತು ಲೋಕದಲ್ಲಿ ಇಲ್ಲ, ಒಳಗಿನ ನೆರಳನ್ನು ಅದು ಪೂರ್ತಿ ಅಳಿಸಿಹಾಕುತ್ತದೆ. ಅಂದರೆ ಮೊದಲ ಕಣ್ಕಟ್ಟು ಮಾಡಿದ್ದು ಮಳೆ. ಆಳವನ್ನು ಸಮತಟ್ಟು ಎಂದು ತೋರಿಸಿತು. ನಂಜುಂಡಸ್ವಾಮಿಯವರ ಮೊಸಳೆ ಮಾಡಿದ್ದು ಇದಕ್ಕೆ ತದ್ವಿರುದ್ಧ, ಇಲ್ಲಿ ಆಳ ಉಂಟು ಎಂದು ಕೂಗಿ ಹೇಳಿತು. ಸುಳ್ಳು ಮೊಸಳೆ ಹೇಳಿದ್ದು ನಿಜ.

ರಾಜ್ಯಗಳು ಕೇಂದ್ರಕ್ಕೆ ಕೊಟ್ಟ ಲೆಕ್ಕದಂತೆ 2017 ಒಂದೇ ವರ್ಷ ದೇಶದಲ್ಲಿ ರಸ್ತೆ ಗುಂಡಿಗಳಿಂದ ಸತ್ತವರು 3,597 ಮಂದಿ. ನಮ್ಮ ಹುಡುಗನ ಹಾಗೆ ಮೂಳೆ ಮುರಿದವರು ಈ ಲೆಕ್ಕದಲ್ಲಿ ಇಲ್ಲ. ಕಪ್ಪು ಮಣ್ಣಿನ ಮೇಲೆ ಹಾಕಿದ ರಸ್ತೆಗೆ ಹೆಚ್ಚಿನ ಕಷ್ಟ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಮೇಲಿನ ಡಾಂಬರೂ ಜೊತೆಗೆ ಬಿರಿಯುತ್ತದೆ. ಬಿರುಕಿಗೆ ನೀರು ಇಳಿದ ಮೇಲೆ ಹತ್ತಿ ಲಾರಿಯ ಪ್ರತಿ ಚಕ್ರ ಪಂಪಿನ ಹಾಗೆ ಒಳಗಿನ ಸಣ್ಣ ಮಣ್ಣನ್ನು ಹೊರಗೆ ಉಗುಳಿಸುತ್ತದೆ. ಹಾಗೆ ಟೊಳ್ಳಾದ ಜಾಗ ಒಂದು ದಿನ ಕುಸಿಯುತ್ತದೆ.

ಸರಕಾರಗಳೂ ಈ ಕಣ್ಕಟ್ಟಿನ ಹಿಂದೆ ಬಿದ್ದವು. 2008ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಸ್ತೆಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಚೂಪು ಉಬ್ಬುಗಳ ಭ್ರಮೆ ಹುಟ್ಟಿಸಿದರು. ಇಂಥ ಪಟ್ಟಿ ನೋಡಿ ಮೊದಲು ಗಾಡಿಗಳು ನಿಧಾನ ಆದರೂ, ಡ್ರೈವರ್‌ಗಳಿಗೆ ಗುಟ್ಟು ತಿಳಿದ ಮೇಲೆ ಫಲ ಇಳಿಯುವುದುಂಟು. 2010ರಲ್ಲಿ ಕೆನಡಾದ ವೆಸ್ಟ್ ವ್ಯಾಂಕೂವರ್‌ನಲ್ಲಿ ಚೆಂಡಿನ ಹಿಂದೆ ಓಡುವ ಹುಡುಗಿಯ ಚಿತ್ರ ಹಾಕಿದರು. 2016ರಲ್ಲಿ ಅಹಮದಾಬಾದಿನ ತಾಯಿ ಮಗಳು ಶಕುಂತಲಾ ಪಾಂಡ್ಯ ಮತ್ತು ಸೌಮ್ಯಾ ಪಾಂಡ್ಯ ಠಕ್ಕರ್ ಗಾಳಿಯಲ್ಲಿ ತೇಲುವಂಥ ಝೀಬ್ರಾ ಪಟ್ಟಿ ಬರೆದರು, ಅದೇ ವರ್ಷ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೂ ಇಂಥ ಚಿತ್ರಗಳನ್ನು ಹಂಪ್‌ಗಳ ಬದಲಿಗೆ ಪ್ರಯತ್ನಿಸುವ ಮಾತಾಡಿದರು.

ಪಟ್ಟಿಯ ಬಗ್ಗೆ ನನಗೆ ವಿರೋಧ ಇಲ್ಲ. ಆ ಹುಡುಗಿಯ ಚಿತ್ರ ಮಾತ್ರ ನನಗೆ ಸರಿ ಕಾಣುವುದಿಲ್ಲ. ಹೊಸ ಡ್ರೈವರ್ ಬೆಚ್ಚಿ ಬ್ರೇಕ್ ಒತ್ತಿ ಹಿಂದಿನ ಬೈಕಿನವನನ್ನು ಬೀಳಿಸುತ್ತಾನೆ. ದಿನಾ ಹೋಗುವವನು ಅದು ಚಿತ್ರ ಎಂದು ಕಲಿಯುತ್ತಾನೆ, ಮುಂದೊಂದು ದಿನ ನಿಜವಾದ ಮಗು ಓಡಿ ಬಂದಾಗಲೂ ಅವನ ಕಾಲು ಬ್ರೇಕಿನ ಮೇಲೆ ತಡವಾಗಿ ಬಿದ್ದರೆ? ಕಣ್ಕಟ್ಟು ಇದ್ದದ್ದನ್ನು ತೋರಿಸಲಿ. ಇಲ್ಲದ್ದನ್ನು ತೋರಿಸಿ ಡ್ರೈವರ್‌ನ ಕಣ್ಣಿನ ನಂಬಿಕೆ ಕೆಡಿಸುವುದು ಬೇಡ.

ಇನ್ನೊಂದು ತೊಡಕು ಬಿಲ್ಲೆಯದ್ದೇ. ಬೆಂಗಳೂರಿನ ಮೊಸಳೆಯನ್ನು ನಿಜವಾಗಿ ನೋಡಿದ್ದು ಆ ರಸ್ತೆಯಲ್ಲಿ ಹೋದವರಲ್ಲ, ಪತ್ರಿಕೆಯ ಫೋಟೋಗ್ರಾಫರ್. ಅವನು ನಿಂತ ಜಾಗವೇ ಬಿಲ್ಲೆ. ಆ ಜಾಗದಲ್ಲಿ ಬಂದು ನಿಲ್ಲುವವರು ಇರುವ ಊರಿನಲ್ಲಿ ಗುಂಡಿ ಮುಚ್ಚುತ್ತದೆ. ಆಲೂರು ಕಡೆಗೋ ಕೋಸಿಗಿ ಕಡೆಗೋ ಹೋಗುವ ಹಳ್ಳಿ ರಸ್ತೆಯಲ್ಲಿ ಮೊಸಳೆ ಬಿಟ್ಟರೆ ದನ ಕಾಯುವ ಹುಡುಗರು ಮನೆಗೆ ಹೊತ್ತುಕೊಂಡು ಹೋದಾರು, ಅಷ್ಟೇ. ಅಲ್ಲಿ ಜನ ಹಿಂದಿನಿಂದ ಮಾಡುತ್ತಾ ಬಂದದ್ದು ಬೇರೆ: ಗುಂಡಿಯಲ್ಲಿ ಒಂದು ಜಾಲಿಯ ಕೊಂಬೆ ಊರುವುದು, ಇಲ್ಲವೇ ನಾಲ್ಕು ಕಲ್ಲು ಇಟ್ಟು ಸುಣ್ಣ ಬಳಿಯುವುದು. ಯಾವ ದಿಕ್ಕಿನಿಂದ ಬಂದರೂ ಕೊಂಬೆ ಕೊಂಬೆಯೇ, ಅದಕ್ಕೆ ಬಿಲ್ಲೆ ಬೇಡ. ಮೊಸಳೆಯ ಅಜ್ಜ ಆ ಕೊಂಬೆ ಎಂದು ನನ್ನ ಲೆಕ್ಕ.

ಹುಡುಗ ಬಿದ್ದ ವಾರ ನಾನೂ ಪೇಂಟರೂ ಆ ಗುಂಡಿಯ ಸುತ್ತ ಬಿಳಿ ಎನಾಮಲ್ ಪೇಂಟಿನಲ್ಲಿ ಬಳೆ ಬರೆದೆವು. ಅವರು ಸುಮ್ಮನಿರಲಿಲ್ಲ, ಬಳೆಯ ಒಳ ಅಂಚಿಗೆ ಒಂದು ಬದಿ ಕಪ್ಪು ಎಳೆದು ಬಾವಿಕಟ್ಟೆಯ ಹಾಗೆ ಮಾಡಿದರು. ಸ್ಕೂಲಿಗೆ ಹೋಗುವ ಮಕ್ಕಳು ಬಗ್ಗಿ ನೋಡಿ ನಕ್ಕರು. ನೀರು ತುಂಬಿದಾಗಲೂ ಬಾವಿಕಟ್ಟೆ ಕಾಣುತ್ತಿತ್ತು, ಬೈಕುಗಳು ಬಳಸಿಕೊಂಡು ಹೋದವು. ಲಾರಿ ಚಕ್ರಕ್ಕೆ ಬಣ್ಣ ಎರಡು ವಾರ ತಡೆಯಿತು. ಆಮೇಲೆ ಇನ್ನೊಂದು ಕೈ ಹಚ್ಚಿದೆವು. ಅರ್ಧ ಲೀಟರ್ ಡಬ್ಬಿ, ಒಂದು ಬ್ರಷ್, ಮಗ್ರಿಬ್‌ಗೂ ಇಶಾಕ್ಕೂ ನಡುವಿನ ಹೊತ್ತು.